ಅಕ್ಕನ ತುತ್ತು

ನಮ್ಮ ಮನೆಯಲ್ಲಿ ಊಟದಿಂದ ಎಲ್ಲರಿಗಿಂತ ಕೊನೆಗೆ ಏಳುವವರು ಅಕ್ಕ, ಅಂದರೆ ನನ್ನ ಹಿರಿಯ ವಾರಗಿತ್ತಿ. ಒಂದು ತುತ್ತು ಅನ್ನಕ್ಕೆ ಎರಡು ಗುಟುಕು ನೀರು. ಮದುವೆಮನೆಗಳಲ್ಲಂತೂ ಎಲೆಯ ಮುಂದೆ ಕೂರುತ್ತಲೇ ಇರಲಿಲ್ಲ. "ನಮ್ಮಕ್ಕನಿಗೆ ಬೇರೆಯವರ ಕೈಯಡುಗೆ ಸೇರೋದಿಲ್ಲ" ಎಂದು ನಾನೇ ನಾಲ್ಕು ಜನರೆದುರು ಆಡಿದ್ದುಂಟು. ಅವರು ಸುಮ್ಮನೆ ನಕ್ಕಿದ್ದರು. ರಾತ್ರಿ ನುಂಗಿದ್ದೆಲ್ಲ ಬಾಯಿಗೆ ಬಂದು, ಕೆಮ್ಮಿ ಕೆಮ್ಮಿ, ಮೂರು ದಿಂಬಿಗೆ ಒರಗಿ ಕೂತೇ ಬೆಳಗು ಮಾಡುತ್ತಾರೆಂಬುದು ಭಾವನವರನ್ನು ಬಿಟ್ಟು ಯಾರಿಗೂ ತಿಳಿದಿರಲಿಲ್ಲ.

ಎರಡು ವರ್ಷ ಗ್ಯಾಸು, ಅಸಿಡಿಟಿ ಎಂದು ಮಾತ್ರೆ ನುಂಗಿದ್ದಾಯಿತು. ಆಮೇಲೆ ಯಾರೋ "ಏನೋ ಮನಸ್ಸಿಗೆ ಹಚ್ಚಿಕೊಂಡಿದ್ದಾರೆ" ಎಂದರು. ಹಾಗೆ ನಂಬುವುದು ನಮಗೂ ಅನುಕೂಲವಾಗಿತ್ತು. ಅವರ ರವಿಕೆಗಳನ್ನು ಮೂರನೆಯ ಸಲ ಹಿಡಿಸಿ ಹೊಲಿಯುವಾಗ ಮಾತ್ರ ನನಗೆ ಹೆದರಿಕೆಯಾಯಿತು.

2019ರಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಸುಣ್ಣದ ನೀರಿನಂಥ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದರು. ಅನ್ನನಾಳ ಮೇಲೆ ಚೀಲದಂತೆ ಉಬ್ಬಿ, ಕೆಳಗೆ ಹಕ್ಕಿಯ ಕೊಕ್ಕಿನಂತೆ ಚೂಪಾಗಿತ್ತು. ಅಕಲೇಸಿಯಾ ಎಂದರು ಡಾಕ್ಟರು. ತುತ್ತು ಬಂದಾಗ ಹೊಟ್ಟೆಯ ಬಾಗಿಲಲ್ಲಿರುವ ಸ್ನಾಯು ಸಡಿಲವಾಗಬೇಕು. ಸಡಿಲಿಸುವ ನರಗಳೇ ಇವರಲ್ಲಿ ಸತ್ತುಹೋಗಿವೆ. "ಇದು ಮನಸ್ಸಿನ ಕಾಯಿಲೆ ಅಲ್ಲಮ್ಮ." ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನು ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತೆ.

ಈ ಸ್ನಾಯುವನ್ನು 1913ರಲ್ಲಿ ಜರ್ಮನಿಯ ಹೆಲ್ಲರ್ ಎಂಬ ವೈದ್ಯರು ಹೊರಗಿನಿಂದ ಕೊಯ್ದು ಸಡಿಲಿಸಿದ್ದರು. 2008ರಲ್ಲಿ ಜಪಾನಿನ ಹರುಹಿರೊ ಇನೋಯೆ ಅದನ್ನೇ ಬಾಯಿಯ ಮೂಲಕ ಮಾಡಿದರು. ಅರಿವಳಿಕೆ ಕೊಟ್ಟು ಎಂಡೋಸ್ಕೋಪು ಇಳಿಸಿ, ಅನ್ನನಾಳದ ಒಳಪದರದಲ್ಲಿ ಸಣ್ಣ ಸೀಳು ಮಾಡುತ್ತಾರೆ. ಲಂಗದ ಪಟ್ಟಿಯೊಳಗೆ ಲಾಡಿ ತೂರಿಸುತ್ತೇವಲ್ಲ, ಹಾಗೆ ಪದರಗಳ ನಡುವೆ ಸಾಗಿ, ಬಿಗಿದ ಸ್ನಾಯುವನ್ನು ಕತ್ತರಿಸಿ, ಹಿಂದಕ್ಕೆ ಬಂದು ಸೀಳಿಗೆ ಕ್ಲಿಪ್ಪು ಹಾಕುತ್ತಾರೆ. ಹೊರಗೆ ಒಂದು ಗಾಯವಿಲ್ಲ. ಇಂಗ್ಲಿಷಿನ ನಾಲ್ಕು ಮೊದಲಕ್ಷರ ಕೂಡಿಸಿ ಇದಕ್ಕೆ ಪೋಯಮ್ ಎಂದು ಹೆಸರು. ಆಸ್ಪತ್ರೆಯಲ್ಲಿ ಕವಿತೆ! ಸಕ್ಕರೆ ಕಾಯಿಲೆಯಿಂದ ಹೊಟ್ಟೆ ಸರಿಯಾಗಿ ಖಾಲಿಯಾಗದ ಕೆಲವರಿಗೆ ಹೊಟ್ಟೆಯ ಕೆಳಬಾಗಿಲಿಗೂ ಇದೇ ಉಪಾಯ ಮಾಡುತ್ತಾರಂತೆ.

ಸತ್ತ ನರಗಳು ಮರಳುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಬಾಗಿಲು ತೆರೆದೇ ಇರುವುದರಿಂದ ಹಲವರಿಗೆ ಹುಳಿ ಮೇಲೇರುತ್ತದೆ. ಅಕ್ಕ ಈಗಲೂ ಅದಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಉಂಡ ಕೂಡಲೇ ಮಲಗುವಂತಿಲ್ಲ.

ಆ ವರ್ಷದ ಗೌರಿಹಬ್ಬಕ್ಕೆ ಪಂಕ್ತಿಯಲ್ಲಿ ಕೂತರು. ಹೋಳಿಗೆಯನ್ನು ಚೂರು ಚೂರೇ ಮುರಿದು, ಅಗಿದು ತಿಂದರು. ಲೋಟದ ನೀರು ಅರ್ಧವೂ ಇಳಿದಿರಲಿಲ್ಲ. "ಇನ್ನೊಂದು ಹಾಕೇ, ನಿನ್ನ ಕೈಯಡುಗೆ ನನಗೆ ಸೇರುತ್ತೆ" ಎಂದರು. ನಾನು ತುಪ್ಪ ತರುವ ನೆಪದಲ್ಲಿ ಒಳಗೆ ಹೋದೆ.