ಮಡ್ಡಿ ಹೊಲದಾಗ ಏನೈತಿ?

ನಮ್ಮ ಸವದತ್ತಿ, ರಾಮದುರ್ಗದ ಕಡೆ ಮಡ್ಡಿ ಅಂದ್ರ ಲೆಕ್ಕಕ್ಕಿಲ್ಲದ ನೆಲ. ಕಿತ್ತೂರ ಕಡೆ ಮಳಿ ಚಲೋ, ಭತ್ತ ಬೆಳೀತಾರ. ಬೈಲಹೊಂಗಲದ ಎರಿ ಹೊಲಕ್ಕ ಹತ್ತಿ, ಕಡ್ಲಿ, ಜ್ವಾಳ. ಮೂಡಣಕ್ಕ ಬಂದಂಗ ಮಳಿ ಕಡಿಮಿ, ಕಲ್ಲು ಜಾಸ್ತಿ. ಸರ್ಕಾರದ ನಕ್ಷೆಯೊಳಗೂ ಇಂಥ ಕುರುಚಲು ನೆಲ ಬಂಜರು ಅಂತನ ಸೇರತೈತಿ.

ಬ್ಯಾಸಗಿ ಮುಂಜಾನೆ ಬಿಸಿಲು ಏರೂ ಹೊತ್ತಿಗೆ ಅಲ್ಲಿಯ ಕಲ್ಲು ನೋಡ್ರಿ. ಬಾಲ ಸೇರಿ ಸುಮಾರು ಗೇಣುದ್ದದ ಗಂಡು ಓತಿಕ್ಯಾತ ಕುಂತಿರತೈತಿ. ಗಂಟಲ ಕೆಳಗಿನ ಚರ್ಮ ಬೀಸಣಿಕಿ ಹಂಗ ಬಿಚ್ಚಿದ್ರ ನೀಲಿ, ಕಪ್ಪು, ಕೇಸರಿ ಬಣ್ಣ. ಹೆಣ್ಣಿಗೆ ಕರಿಯೋಲೆ, ಇನ್ನೊಂದು ಗಂಡಿಗೆ ಎಚ್ಚರಿಕೆ, ಎರಡೂ ಅದ. ಬೆನ್ನು ಹತ್ತಿದ್ರ ಹಿಂಗಾಲ ಮ್ಯಾಲೆ ಎದ್ದು ಓಡತೈತಿ.

ದಖ್ಖನ್ನಿನ ಈ ದೊಡ್ಡ ಬೀಸಣಿಕಿ ಓತಿಕ್ಯಾತಗಳನ್ನ 2016ರಾಗ ವಿ. ದೀಪಕ್, ಪ್ರವೀಣ್ ಕಾರಂತ್ ಮತ್ತು ಸಂಗಡಿಗರು ಬ್ಯಾರೆ ಕುಲ ಅಂತ ಗುರುತಿಸಿ 'ಸರಡಾ' ಅಂತ ಹೆಸರಿಟ್ರು. ಮರಾಠಿಯೊಳಗ ಓತಿಕ್ಯಾತಕ್ಕ ಅದ ಹೆಸರು. ಅದರಾಗ ಒಂದು ಜಾತಿಗೆ ಡಾರ್ವಿನ್ ಹೆಸರು ಐತಿ.

ಇದರ ಊಟ ಇರುವಿ, ಗೆದ್ದಲಿ, ಸಣ್ಣ ಹುಳ. ಇದನ್ನ ತಿನ್ನೋದು ಹದ್ದು, ಗಿಡುಗ. ಸಾತಾರಾ ಜಿಲ್ಲೆಯ ಚಾಳಕೇವಾಡಿ ಬಯಲಿನ್ಯಾಗ ಗಾಳಿಯಂತ್ರ ಇದ್ದಲ್ಲಿ ಏನಾಗೇತಿ ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾರಿಯಾ ಥೇಕರ್ ತಂಡ ನೋಡಿ 2018ರಾಗ ಬರೀತು. ಬ್ಯಾಟಿ ಹಕ್ಕಿ ಕಡಿಮಿ ಆಗಿ ಓತಿಕ್ಯಾತ ಹೆಚ್ಚಾಗಿದ್ವು. ಮನಷ್ಯಾ ಹತ್ರ ಹೋದ್ರೂ ಲಗೂ ಓಡ್ತಿರಲಿಲ್ಲ. ಅಂದ್ರ ಬರೇ ಕಲ್ಲಿನ ನೆಲ ಅಂತ ನಾವು ಅನ್ನೋದರೊಳಗೂ ಒಂದಕ್ಕೊಂದು ಕೊಂಡಿ ಐತಿ. ಒಂದು ಎಳದ್ರ ಇನ್ನೊಂದು ಅಲುಗತೈತಿ.

ನಮ್ಮ ಎರಡು ಎಕರೆ ಮಡ್ಡಿಯನ್ನ ಜೆಸಿಬಿ ಹಚ್ಚಿ ಸಮ ಮಾಡಿಸಿ, ಎರಿ ಮಣ್ಣು ಹೇರಿಸೋಣ ಅಂತಾನ ತಮ್ಮ. ಅವನ ಮಾತು ಸುಳ್ಳಲ್ಲ. ಮನಿ ದೊಡ್ಡದಾಗೇತಿ, ಹೊಲ ಅಷ್ಟ ಐತಿ. ಆದ್ರ ಈ ಪ್ರಾಣಿಗೆ ಬೇಕಾದ್ದು ಬಿಚ್ಚು ಬಯಲು, ಬಿಸಿಲು, ಕುಂದ್ರಾಕ ಕಲ್ಲು, ಅಡಗಾಕ ಮುಳ್ಳುಕಂಟಿ, ತತ್ತಿ ಹುಗಿಯಾಕ ಮಣ್ಣು. ಅದಕ್ಕ ಅಲ್ಲಿ ದಟ್ಟಗೆ ಗಿಡ ಹಚ್ಚಿದ್ರೂ ಉಪಕಾರ ಅಲ್ಲ, ನೆರಳಾದ್ರ ಅದರ ಮನಿ ಹೋತು.

ಕೂತು ಮಾತಾಡಿ ತಗ್ಗಿನ ಒಂದು ಎಕರೆ ಹೊಲ ಮಾಡೋದು, ಮ್ಯಾಲಿನ ಒಂದು ಎಕರೆ ಹಂಗ ಬಿಡೋದು ಅಂತ ಆತು. ಕುರಿ ಮೇಯ್ತಾವ, ಮೇಯಲಿ. ನಿಮ್ಮ ಮಡ್ಡಿಗೂ ಜೆಸಿಬಿ ಕರಿಯೂ ಮುಂಚೆ ಒಂದು ಮುಂಜಾನೆ ಅಲ್ಲಿ ಸುಮ್ನ ಕುಂತು ನೋಡ್ರಿ. ಬೀಸಣಿಕಿ ಕಂಡ್ರ ಊರ ಹೆಸರು ಹಾಕಿ ಕೆಳಗ ಬರೀರಿ.