ಅಣ್ಣಿಗೇರಿಯ ರೊಟ್ಟಿ ಅಂಗಡಿ

ಕಳೆದ ಡಿಸೆಂಬರ್ ರಜೆಯಲ್ಲಿ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳು ಎರಡನೆಯ ದಿನ ಬೆಳಿಗ್ಗೆಯೇ, "ಅಜ್ಜಿ, ಇಲ್ಲಿ ಸ್ಯಾಂಡ್‌ವಿಚ್ ಎಲ್ಲಿ ಸಿಗತ್ತೆ?" ಎಂದು ಕೇಳಿದಳು. ಒಂಬತ್ತು ವರ್ಷದ ಹುಡುಗಿ. ಅಣ್ಣಿಗೇರಿಯ ಬೇಕರಿಗಳಲ್ಲಿ ಬ್ರೆಡ್ಡು ಸಿಗುವುದಿಲ್ಲವೆಂದಲ್ಲ. ಆದರೆ ಮಕ್ಕಳ ಪ್ರಶ್ನೆಗೆ ಪ್ರಶ್ನೆಯಿಂದಲೇ ಉತ್ತರಿಸುವ ನನ್ನ ದುರಭ್ಯಾಸ ನಿಮಗೆಲ್ಲ ಗೊತ್ತೇ ಇದೆ. "ಸ್ಯಾಂಡ್‌ವಿಚ್ ಅಂದ್ರ ಏನು, ಹೇಳು ನೋಡೋಣ" ಎಂದೆ. "ಎರಡು ಬ್ರೆಡ್ ನಡುವೆ ಏನಾದ್ರೂ ಇಟ್ಟು ಕೈಯಲ್ಲಿ ಹಿಡ್ಕೊಂಡು ತಿನ್ನೋದು" ಎಂದಳು. ವ್ಯಾಖ್ಯೆ ಚೆನ್ನಾಗಿಯೇ ಇತ್ತು. "ಅಷ್ಟ ಆದ್ರ ಸಿಗತೈತಿ. ಮೊದಲ ಅದರ ಸಾಮಾನು ನೋಡಿ ಬರೋಣ" ಎಂದು ಬಟ್ಟೆಯ ಚೀಲ ತೆಗೆದುಕೊಂಡು ಅವಳೊಡನೆ ಪೇಟೆಗೆ ಹೊರಟೆ.

ನಿವೃತ್ತಿಯ ಮೇಲೆ ಹೊತ್ತು ಹೇಗೆ ಕಳೆಯುತ್ತೀರಿ ಎಂದು ನಿಮ್ಮಲ್ಲಿ ಹಲವರು ಕೇಳುವುದುಂಟು. ಈ ಅಂಗಡಿ ತಿರುಗಾಟವೇ ಅದಕ್ಕೆ ಅರ್ಧ ಉತ್ತರ. ಪಂಪ ಹುಟ್ಟಿದ ಊರೆಂದೋ ಅಮೃತೇಶ್ವರನ ಗುಡಿ ನೋಡಬೇಕೆಂದೋ ಇಲ್ಲಿಗೆ ಬರುವವರು ಪೇಟೆಯನ್ನು ಗಮನಿಸುವುದಿಲ್ಲ. ನನಗೋ ಗುಡಿಯಷ್ಟೇ ಪೇಟೆಯೂ ನೋಡತಕ್ಕ ಸ್ಥಳ.

ಮೊದಲು ಹೋದದ್ದು ಮೆಣಸಿನಕಾಯಿ ಅಂಗಡಿಗೆ. ಬ್ಯಾಡಗಿ ಎಂಬುದು ಹಾವೇರಿ ಜಿಲ್ಲೆಯ ಊರು. ಅಲ್ಲಿಯ ಮಾರುಕಟ್ಟೆಯಿಂದ ಕಾಯಿಗೆ ಆ ಹೆಸರು ಬಂತು. ಆದರೆ ಅದನ್ನು ಬೆಳೆಯುವವರಲ್ಲಿ ನಮ್ಮ ಕುಂದಗೋಳ, ನವಲಗುಂದ, ಅಣ್ಣಿಗೇರಿಗಳ ಎರೆಹೊಲದ ರೈತರೂ ಇದ್ದಾರೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅದರಲ್ಲಿ ಎರಡು ಬಗೆ: ಗಿಡ್ಡಗೆ, ದುಂಡಗೆ, ಹೊಟ್ಟೆ ತುಂಬ ಬೀಜವಿರುವುದು ಡಬ್ಬಿ, ಉದ್ದಕ್ಕೆ, ತೆಳ್ಳಗೆ, ಮೈಯೆಲ್ಲ ನೆರಿಗೆಗಟ್ಟಿರುವುದು ಕಡ್ಡಿ. ಎರಡರಲ್ಲಿಯೂ ಖಾರ ಕಡಿಮೆ, ಬಣ್ಣ ಹೆಚ್ಚು. ಪಲ್ಯೆ ಕೆಂಪಗೆ ಕಂಡರೂ ಮಕ್ಕಳ ಕಣ್ಣಲ್ಲಿ ನೀರು ಬಾರದಿರುವುದು ಇದರಿಂದಲೇ.

ನನ್ನ ತಾಯಿ ಕುಂದಗೋಳದವರು. ಅವರು ಮೆಣಸಿನಕಾಯಿ ಕೊಳ್ಳುವಾಗ ಮೊದಲು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಬೀಜ ಗಲಗಲ ಎನ್ನಬೇಕು. ಆಮೇಲೆ ಬಾಗಿಸಿ ನೋಡುವರು. ಮುರಿದರೆ ಒಣಗಿದೆ, ಚರ್ಮದಂತೆ ಬಳುಕಿದರೆ ತೂಕಕ್ಕೆಂದು ಯಾರೋ ನೀರು ಚಿಮುಕಿಸಿದ್ದಾರೆ. ಅಂಥ ಕಾಯಿ ಮನೆಗೆ ಬಂದ ಕೆಲವು ದಿನಗಳಲ್ಲಿ ಒಳಗೆ ಬೂಸಲು ಹಿಡಿಯುತ್ತದೆ. ಇದನ್ನೆಲ್ಲ ಮೊಮ್ಮಗಳಿಗೆ ಪಾಠದಂತೆ ಮಾಡಿ ತೋರಿಸಿದೆ. ಪುಡಿ ಕೊಳ್ಳಬಾರದೇಕೆ ಎಂಬುದನ್ನೂ ಹೇಳಿದೆ. ಗಾಜಿನ ಲೋಟದ ನೀರಿನ ಮೇಲೆ ಪುಡಿ ಉದುರಿಸಿದಾಗ ಬಣ್ಣವು ಗೆರೆಗೆರೆಯಾಗಿ ಕೂಡಲೇ ಕೆಳಗಿಳಿದರೆ ಅದು ಬೆರಕೆಯ ಬಣ್ಣ. ಅಂಗಡಿಯವರು ನಗುತ್ತ ಅರ್ಧ ಕಿಲೋ ಕಡ್ಡಿ ತೂಗಿಕೊಟ್ಟರು. ನನ್ನ ಪರೀಕ್ಷೆಯಲ್ಲಿ ಅದು ಪಾಸಾಗಿತ್ತು.

ಅಲ್ಲಿಂದ ಎಣ್ಣೆಗೆ. ನಾನು ಚಿಕ್ಕವಳಿದ್ದಾಗ ಮನೆಗೆ ಬರುತ್ತಿದ್ದುದು ಗಾಣದ ಕುಸುಬಿ ಎಣ್ಣೆ. ಜೋಳದ ಹೊಲದ ಸುತ್ತ ಕುಸುಬಿಯ ನಾಲ್ಕು ಸಾಲು ಹಾಕುವುದು ವಾಡಿಕೆಯಾಗಿತ್ತು. ಮುಳ್ಳಿನ ಗಿಡವಾದ್ದರಿಂದ ದನ ಒಳಗೆ ನುಗ್ಗುತ್ತಿರಲಿಲ್ಲ. ಬೇಲಿಗೆ ಬೇಲಿಯೂ ಆಯಿತು, ಎಣ್ಣೆಗೆ ಕಾಳೂ ಆಯಿತು. ಮುಂದೆ ಕುಸುಬಿ ಬಿತ್ತುವವರು ಕಡಿಮೆಯಾದರು, ಎತ್ತಿನ ಗಾಣಗಳು ನಿಂತುಹೋದವು. ಈಗ ವಿದ್ಯುತ್ತಿನ ಸಣ್ಣ ಗಾಣವಿಟ್ಟುಕೊಂಡವರ ಬಳಿ ಕೇಳಿ ತರಬೇಕು. ಕುಸುಬಿ ಎಣ್ಣೆ ಬೇಗ ಕಮಟುತ್ತದೆ. ವರ್ಷದ ಡಬ್ಬಿ ತುಂಬಿಡುವ ಎಣ್ಣೆಯಲ್ಲ ಅದು. ಅರ್ಧ ಲೀಟರ್ ಮಾತ್ರ ತೆಗೆದುಕೊಂಡೆ. ಕಲಘಟಗಿಗೆ ಕೊಟ್ಟ ನನ್ನ ಅಕ್ಕ ಈಗಲೂ ವರ್ಷಕ್ಕೊಮ್ಮೆ ಅಕ್ಕಿ ಕಳಿಸಿ ಬದಲಿಗೆ ಜೋಳ, ಕುಸುಬಿ ಎಣ್ಣೆ ಕೇಳುತ್ತಾಳೆ. ಅವರದು ಮಳೆಯ ಸೀಮೆ, ಭತ್ತದ ಗದ್ದೆ. ಒಂದೇ ಜಿಲ್ಲೆಯೊಳಗೆ ಅನ್ನದ ಸೀಮೆ, ರೊಟ್ಟಿಯ ಸೀಮೆ ಎಂದು ಎರಡಿವೆ.

ಕಡಲೆ ಹಿಟ್ಟಿನ ವಿಷಯದಲ್ಲಿ ಅಣ್ಣಿಗೇರಿಯವರಿಗೆ ಸ್ವಲ್ಪ ಜಂಬವಿದೆ, ಇರಲಿ ಬಿಡಿ. ಇಲ್ಲಿಯ ಕೃಷಿ ಸಂಶೋಧನಾ ಕೇಂದ್ರದಿಂದ ಹೊರಟ 'ಅಣ್ಣಿಗೇರಿ-1' ಎಂಬ ಕಡಲೆ ತಳಿ ದಶಕಗಳ ಕಾಲ ಕರ್ನಾಟಕದ ಹೊಲಗಳನ್ನು ಆಳಿತು. ಊರಿನ ಹೆಸರು ಹೊತ್ತ ಕಾಳಿನ ಹಿಟ್ಟಿನಿಂದ ಆ ಊರಿನಲ್ಲಿಯೇ ಝುಣಕ ಮಾಡುವುದು ಎಲ್ಲರಿಗೂ ಸಿಗುವ ಭಾಗ್ಯವಲ್ಲ.

"ಸಾಮಾನು ಆಯ್ತು, ಬ್ರೆಡ್ ಎಲ್ಲಿ?" ಎಂದಳು ಮೊಮ್ಮಗಳು.

ಇಲ್ಲಿಯವರೆಗೆ ಹಗುರವಾಗಿ ಬರೆಯುತ್ತ ಬಂದೆ. ಇನ್ನು ಮುಂದಿನದನ್ನು ಬರೆಯಬೇಕೋ ಬೇಡವೋ ಎಂದು ಎರಡು ತಿಂಗಳು ಯೋಚಿಸಿದ್ದೇನೆ.

ಪೇಟೆಯ ಹಿಂದಿನ ಓಣಿಯಲ್ಲಿ ಒಂದು ರೊಟ್ಟಿ ಅಂಗಡಿಯಿದೆ. ಯಜಮಾನರ ಹಿರಿಯರ ಮನೆಗೆಂದು ನಾವು ಈ ಊರಿಗೆ ಬಂದು ಮೂರು ವರ್ಷವಾಯಿತು. ಬಂದ ವಾರದಲ್ಲಿಯೇ ಅದರ ಕೀರ್ತಿ ಕೇಳಿದ್ದೆ, ನಡೆಸುವವಳು ಯಾರೆಂಬುದೂ ತಿಳಿದಿತ್ತು. ಆದರೂ ನಾನು ಅಲ್ಲಿಗೆ ಹೋಗಿರಲಿಲ್ಲ. ರೊಟ್ಟಿ ಬೇಕಾದಾಗ ಎರಡು ಓಣಿ ದಾಟಿ ಬೇರೆ ಕಡೆ ತರುತ್ತಿದ್ದೆ. ಅಲ್ಲಿಯ ರೊಟ್ಟಿಗೆ ಅಂಚಿನಲ್ಲಿ ಬಿರುಕು. ಜೋಳದ ಹಿಟ್ಟಿನಲ್ಲಿ ಗೋಧಿಯ ಅಂಟಿಲ್ಲ. ಕುದಿಯುವ ಎಸರು ಹಾಕಿ ನಾದಿದರೆ ಮಾತ್ರ ಅದಕ್ಕೆ ಜಿಗಿ ಬರುತ್ತದೆ. ಬೀಸಿ ಬಹಳ ದಿನವಾದ ಹಿಟ್ಟಾದರೆ ಎಷ್ಟು ನಾದಿದರೂ ಬಡಿಯುವಾಗ ಒಡೆಯುತ್ತದೆ. ಇದು ಗೊತ್ತಿದ್ದೂ ಒಡಕು ರೊಟ್ಟಿಯನ್ನೇ ಮೂರು ವರ್ಷ ತಿಂದೆ. ಅಂದು ಹುಡುಗಿ ಹಂಚಿನ ವಾಸನೆ ಹಿಡಿದು ಆ ಓಣಿಗೆ ನುಗ್ಗಿಬಿಟ್ಟಳು.

1988ರಲ್ಲಿ ನಾನು ಆಗಿನ ನವಲಗುಂದ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಯಜಮಾನರ ನೌಕರಿ ಹುಬ್ಬಳ್ಳಿಯಲ್ಲಿ, ನನ್ನ ಜೊತೆ ಎರಡು ವರ್ಷದ ಮಗು ಮತ್ತು ವಯಸ್ಸಾದ ಅತ್ತೆ. ಬೆಳಗಿನ ರೊಟ್ಟಿ ಬಡಿಯಲು ಒಬ್ಬ ಹೆಣ್ಣುಮಗಳನ್ನು ಗೊತ್ತುಮಾಡಿಕೊಂಡಿದ್ದೆ, ತಿಂಗಳಿಗೆ ನಲವತ್ತು ರೂಪಾಯಿ. ಆಕೆ ಬಾಣಂತಿಯಾದಾಗ ಮಗಳು ಬಂದಳು. ಮಗಳು ನನ್ನ ವರ್ಗದ ಆರನೆಯ ಇಯತ್ತೆಯ ಹುಡುಗಿ. ಬೆಳಿಗ್ಗೆ ಆರು ಗಂಟೆಗೆ ಬಂದು ಎಸರಿಟ್ಟು, ಕೊಣಮಿಗೆಯಲ್ಲಿ ಹಿಟ್ಟು ನಾದಿ, ಅವಳಮ್ಮನಷ್ಟೇ ತೆಳ್ಳಗೆ ರೊಟ್ಟಿ ಬಡಿದು ಹಾಕುತ್ತಿದ್ದಳು. ನಮ್ಮ ಮನೆ ಮುಗಿಸಿ ಇನ್ನೊಂದು ಮನೆಗೆ, ಆಮೇಲೆ ತನ್ನ ಮನೆಯಲ್ಲಿ ಬಾಣಂತಿಗೂ ತಮ್ಮಂದಿರಿಗೂ ಅಡಿಗೆ. ಗಂಟೆ ಬಾರಿಸುವ ಹೊತ್ತಿಗೆ ಅವಳು ಶಾಲೆಗೆ ಬರುತ್ತಿರಲಿಲ್ಲ. ಬರುವುದು ಸಾಧ್ಯವಿರಲಿಲ್ಲ. ಅವಳು ಬಡಿದ ರೊಟ್ಟಿ ತಿಂದು ನಾನು ಹೊತ್ತಿಗೆ ಸರಿಯಾಗಿ ಶಾಲೆಗೆ ಹೋಗಿ, ಹಾಜರಿ ಪುಸ್ತಕ ತೆರೆದು, ಅವಳ ಹೆಸರು ಕೂಗಿ, ಕೆಂಪು ಮಸಿಯಲ್ಲಿ ಗೈರುಹಾಜರಿ ಹಾಕುತ್ತಿದ್ದೆ.

ಒಂದು ತಿಂಗಳೆಂದು ತಿಳಿದದ್ದು ವರ್ಷವಾಯಿತು. ತಾಯಿಯ ಮೈ ಸುಧಾರಿಸಲಿಲ್ಲ. ಕೊನೆಗೆ ಹೆಸರು ತೆಗೆಯುವಾಗ ಶಾಲೆ ಬಿಟ್ಟ ಕಾರಣವನ್ನು ವಹಿಯಲ್ಲಿ ಬರೆಯಬೇಕಿತ್ತು. 'ಮನೆಗೆಲಸ' ಎಂದು ಬರೆದು ಸಹಿ ಮಾಡಿದೆ. ಯಾರ ಮನೆಯ ಕೆಲಸ ಎಂದು ಕೇಳುವ ಅಂಕಣ ಆ ವಹಿಯಲ್ಲಿ ಇರಲಿಲ್ಲ.

ಬೇರೆ ಯಾರನ್ನಾದರೂ ಗೊತ್ತುಮಾಡಿಕೊಳ್ಳಬಹುದಿತ್ತು. ನಾನೇ ಅರ್ಧ ಗಂಟೆ ಮೊದಲು ಎದ್ದು ರೊಟ್ಟಿ ಬಡಿಯಬಹುದಿತ್ತು. ನನ್ನ ಕೈಯ ರೊಟ್ಟಿ ದಪ್ಪವಾಗುತ್ತಿತ್ತು, ಅಷ್ಟೇ. ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಬೇಡಿರೆಂದು ಓಣಿ ಓಣಿ ತಿರುಗಿ ತಂದೆತಾಯಿಗಳಿಗೆ ಹೇಳಿದವಳೂ ನಾನೇ ಎಂಬುದು ನಿಮ್ಮಲ್ಲಿ ಆ ಹಳ್ಳಿಯವರಿಗೆ ನೆನಪಿರಬಹುದು.

ಅಂಗಡಿಯಲ್ಲಿ ನಾಲ್ಕು ಒಲೆ ಉರಿಯುತ್ತಿದ್ದವು, ಆರು ಜನ ಹೆಂಗಸರು ಕುಳಿತಿದ್ದರು. ಅವಳು ತಲೆಯೆತ್ತಿ ನೋಡಿದಳು. ಕೂದಲು ನರೆತಿತ್ತು, ಮುಖ ಅದೇ.

"ಬರ್ರಿ ಅಕ್ಕಾರ. ಮೂರು ವರ್ಷ ಆತು ಊರಿಗೆ ಬಂದು, ಇವತ್ತ ದಾರಿ ಗೊತ್ತಾತೇನ್ರಿ?"

ಏನು ಹೇಳಬೇಕೋ ತಿಳಿಯದೆ, ಹುಡುಗಿಗೆ ಏನಾದರೂ ಕೈಯಲ್ಲಿ ಹಿಡಿದು ತಿನ್ನುವಂಥದು ಬೇಕಂತೆ ಎಂದೆ. ಅವಳು ಒಂದು ಉಂಡೆ ತೆಗೆದುಕೊಂಡು ಬಡಿದಳು. ಆ ಸಪ್ಪಳ ಮೂವತ್ತೇಳು ವರ್ಷದ ಹಿಂದಿನದೇ ಆಗಿತ್ತು. ಹಂಚಿಗೆ ಹಾಕಿ ಮೇಲೆ ಒದ್ದೆ ಅರಿವೆಯಿಂದ ನೀರು ಸವರಿ, ಮಗುಚಿ, ಕೆಂಡದ ಮೇಲೆ ಉಬ್ಬಿಸಿದಳು. ಉಬ್ಬಿದ ರೊಟ್ಟಿಯ ಮೇಲ್ಪದರನ್ನು ಬೆರಳಿಂದ ಬಿಡಿಸಿ ಒಳಗೆ ಎಣ್ಣೆ ಬಿಟ್ಟು, ಗುರೆಳ್ಳು ಚಟ್ನಿ ಉದುರಿಸಿ, ಬಿಸಿ ಝುಣಕ ಇಟ್ಟು, ಹಸಿ ಉಳ್ಳಾಗಡ್ಡಿಯನ್ನೂ ನಾಲ್ಕು ಎಳೆ ಮೆಂತ್ಯದ ಸೊಪ್ಪನ್ನೂ ಇಟ್ಟು ಸುರುಳಿ ಸುತ್ತಿ ಕಾಗದದಲ್ಲಿ ಹಿಡಿದು ಕೊಟ್ಟಳು. ಹುಡುಗಿ ಮಾತಿಲ್ಲದೆ ತಿಂದಳು. ಗಲ್ಲಕ್ಕೆಲ್ಲ ಎಣ್ಣೆ.

ಅಷ್ಟರಲ್ಲಿ ಅವಳು ನನ್ನ ಚೀಲ ಬಿಚ್ಚಿ ನೋಡಿದ್ದಳು. ಒಂದು ಮೆಣಸಿನಕಾಯಿ ಮುರಿದು ಮೂಗಿಗೆ ಹಿಡಿದು, "ಇದು ಹ್ವಾದ ವರ್ಷದ್ದ ಅಕ್ಕಾರ. ತಂಪಿನ ಕ್ವಾಣ್ಯಾಗ ಇಟ್ಟಿದ್ದು. ಬಣ್ಣ ಇರತೈತಿ, ವಾಸನಿ ಹೋಗಿರತೈತಿ" ಎಂದಳು. ನನ್ನ ತಾಯಿಯ ಕಾಲದಲ್ಲಿ ಶೀತಲಗೃಹಗಳಿರಲಿಲ್ಲ. ಗಲಗಲ ಎಂಬುದನ್ನೂ ಮುರಿಯುವುದನ್ನೂ ನೋಡಿದೆನೇ ಹೊರತು ಮೂಸಿ ನೋಡಬೇಕೆಂಬುದು ನನಗೆ ತೋಚಿರಲಿಲ್ಲ. ಮೊಮ್ಮಗಳು ನನ್ನ ಮುಖ ನೋಡಿ ಕಿಸಕ್ಕನೆ ನಕ್ಕಳು. ನಕ್ಕವಳು ಸುಮ್ಮನಿರಲಿಲ್ಲ.

"ನೀವು ಅಜ್ಜಿ ಸ್ಟೂಡೆಂಟಾ?"

"ಹೂಂನವಾ. ಆರನೇತ್ತ ತನಕಾ."

"ಆಮೇಲೆ ಯಾಕೆ ಬಿಟ್ರಿ?"

ಅವಳು ನನ್ನ ಕಡೆ ನೋಡಲಿಲ್ಲ. ಹಿಟ್ಟು ನಾದುತ್ತ, "ರೊಟ್ಟಿ ಬಡಿಯೂದಿತ್ತಲಾ" ಎಂದಳು. ಅಲ್ಲಿಗೆ ಬಿಡಬಹುದಿತ್ತು. ಬಾಯಿಯೆಲ್ಲ ಒಣಗಿದ್ದರೂ ನಾನು ಹೇಳಿದೆ: "ನಮ್ಮ ಮನಿ ರೊಟ್ಟಿನ ಬಡೀತಿದ್ಲು. ಅದಕ್ಕ ಸಾಲಿಗೆ ಬರಾಕ ಆಗತಿರಲಿಲ್ಲ. ನಾ ಬಿಡಿಸಬೇಕಿತ್ತು, ಬಿಡಿಸಲಿಲ್ಲ."

ಒಲೆಯ ಮುಂದಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿದರು. ಅವಳು ಮಾತ್ರ ನಿಲ್ಲಿಸಲಿಲ್ಲ. ಉಂಡೆಯನ್ನು ತಿರುಗಿಸುತ್ತ, "ದಿನಾ ಹನ್ನೆರಡ ಅಕ್ಕಾರ, ಐತವಾರ ಹದಿನೈದ. ಯಜಮಾನ್ರು ಹುಬ್ಬಳ್ಳಿಯಿಂದ ಬರತಿದ್ರಲಾ" ಎಂದಳು. ಲೆಕ್ಕ ಸರಿಯಾಗಿತ್ತು. ಗಣಿತದಲ್ಲಿ ನಾನು ಅವಳಿಗೆ ಎಷ್ಟು ಅಂಕ ಕೊಟ್ಟಿದ್ದೆನೋ ನೆನಪಿಲ್ಲ.

ಹೊರಡುವಾಗ ಮನೆಗೆಂದು ಇಪ್ಪತ್ತು ಕಟಕ ರೊಟ್ಟಿಯನ್ನೂ ಗುರೆಳ್ಳು ಚಟ್ನಿಯನ್ನೂ ಕೊಂಡೆ. ಹಳೆಯ ವಿದ್ಯಾರ್ಥಿಗಳ ಅಂಗಡಿಗೆ ಹೋದರೆ ರೊಕ್ಕ ಬೇಡವೆನ್ನುವುದು ರೂಢಿ. ನಿಮ್ಮಲ್ಲಿಯೂ ಹಾಗೆ ಮಾಡಿ ನನ್ನನ್ನು ಮುಜುಗರಕ್ಕೆ ಸಿಕ್ಕಿಸಿದವರಿದ್ದೀರಿ. ಅವಳು ಹಾಗೆನ್ನಲಿಲ್ಲ. ಹುಡುಗಿ ತಿಂದ ಸುರುಳಿಯನ್ನೂ ಸೇರಿಸಿ ಲೆಕ್ಕ ಹೇಳಿ, ನೋಟು ಎಣಿಸಿ ಡಬ್ಬಿಯಲ್ಲಿ ಹಾಕಿದಳು. ನನಗೆ ಅದರಿಂದ ಎಷ್ಟು ಸಮಾಧಾನವಾಯಿತೆಂದರೆ, ಮೆಣಸಿನಕಾಯಿಯ ಪೊಟ್ಟಣ ಮರೆತು ಬಿಟ್ಟು ಬಂದೆ.

ಮರುದಿನ ಅವಳ ಮಗ ಪೊಟ್ಟಣ ತಂದುಕೊಟ್ಟ. ಅಂಗಡಿಯವರಿಗೆ ತಿರುಗಿ ಕೊಟ್ಟುಬಿಡಬೇಕಂತೆ, ಹೊಸ ಕಾಯಿ ಬಂದಾಗ ತಾನೇ ಹೇಳಿ ಕಳಿಸುತ್ತಾಳಂತೆ. ಫೆಬ್ರುವರಿಯ ಮೊದಲ ವಾರ ಹೇಳಿ ಕಳಿಸಿದಳು. ಹೋಗಿ ಎರಡು ಕಿಲೋ ತಂದೆ, ಮೂಸಿ ನೋಡಿಯೇ ತಂದೆ.