62ನೆಯ ಸುತ್ತಿನ ಹುಡುಗ

ಅಮೆರಿಕದ ಮೈನರ್ ಲೀಗಿನಲ್ಲಿ ಮಿಂಚುವ ಬೇಸ್‌ಬಾಲ್ ಹುಡುಗನೊಬ್ಬ ಮೇಜರ್ ಲೀಗ್ ತಂಡದಲ್ಲಿ ಕಾಯಂ ಸ್ಥಾನ ಪಡೆಯಬಲ್ಲನೇ? ಅಲ್ಲಿರುವ ನನ್ನ ಮಗನಿಗೂ ಮೊಮ್ಮಗನಿಗೂ ಇದು ಮುಗಿಯದ ವಾದ. ಅಂಕಿಗಳೇ ಹೇಳುತ್ತವೆ ಎಂದು ಮಗ. ಅವಕಾಶ ಕೊಟ್ಟು ನೋಡಬೇಕು ಎಂದು ಮೊಮ್ಮಗ. ಮೊಮ್ಮಗ ತನ್ನ ಶಾಲಾ ತಂಡದಲ್ಲಿ ಹೆಚ್ಚಾಗಿ ಹೊರಗೆ ಕೂರುವವನು. ಆದ್ದರಿಂದ ತೀರ್ಪು ಕೇಳಿದಾಗ ನಾನು ಎಚ್ಚರದಿಂದ ಮಾತನಾಡುತ್ತೇನೆ.

ಬಾಸ್ಕೆಟ್‌ಬಾಲ್ ದಿಗ್ಗಜ ಮೈಕೆಲ್ ಜೋರ್ಡನ್ 1994ರಲ್ಲಿ, ತಮ್ಮ 31ನೆಯ ವಯಸ್ಸಿನಲ್ಲಿ, ಬರ್ಮಿಂಗ್‌ಹ್ಯಾಮ್‌ನ ಡಬಲ್-ಎ ತಂಡಕ್ಕೆ ಆಡಿದರು. ಬ್ಯಾಟಿಂಗ್ ಸರಾಸರಿ .202 ಮಾತ್ರ. ಮರುವರ್ಷವೇ ಹಳೆಯ ಆಟಕ್ಕೆ ಮರಳಿದರು. ಕೀರ್ತಿ ಅವಕಾಶವನ್ನು ತಂದಿತು, ವಿದ್ಯೆಯನ್ನು ತರಲಿಲ್ಲ.

ಮೈಕ್ ಪಿಯಾಝಾರನ್ನು ಡಾಡ್ಜರ್ಸ್ ತಂಡ 1988ರಲ್ಲಿ ಆರಿಸಿಕೊಂಡದ್ದು 62ನೆಯ ಸುತ್ತಿನಲ್ಲಿ, 1390ನೆಯವರಾಗಿ. ಅದೂ ತಂಡದ ವ್ಯವಸ್ಥಾಪಕ ಟಾಮಿ ಲಸೋರ್ಡಾ ಅವರ ಕುಟುಂಬಸ್ನೇಹದ ದಾಕ್ಷಿಣ್ಯಕ್ಕೆ. ಆದರೆ ಆ ಹುಡುಗ ಮೊದಲ ಬೇಸ್ ಕಾಯುವುದನ್ನು ಬಿಟ್ಟು ಕ್ಯಾಚರ್‌ನ ಕಷ್ಟದ ಕೆಲಸವನ್ನು ಹೊಸದಾಗಿ ಕಲಿತ. 1993ರಲ್ಲಿ .318 ಸರಾಸರಿ, 35 ಹೋಂ ರನ್, ವರ್ಷದ ಹೊಸ ಆಟಗಾರ ಪ್ರಶಸ್ತಿ. 2016ರಲ್ಲಿ ಹಾಲ್ ಆಫ್ ಫೇಮ್.

ಇಬ್ಬರಿಗೂ ಬಾಗಿಲು ತೆರೆದದ್ದು ಪ್ರಭಾವವೇ. ಒಳಗೆ ಉಳಿಸಿದ್ದು ಮಾತ್ರ ಕಲಿಕೆ ಮತ್ತು ಅದಕ್ಕೆ ಬೇಕಾದ ಕಾಲ. ಹುಡುಗನ ಈ ವರ್ಷದ ಅಂಕಿಗಿಂತ, ಹಿಂದಿನ ವರ್ಷ ತಪ್ಪಿದ ಚೆಂಡನ್ನು ಈಗ ಹೊಡೆಯುತ್ತಿದ್ದಾನೆಯೇ ಎಂಬುದು ಮುಖ್ಯ. ಎಸ್ಸೆಸ್ಸೆಲ್ಸಿಗೆ ಮುನ್ನ ನಿಮ್ಮ ಉತ್ತರಪತ್ರಿಕೆಗಳಲ್ಲಿ ನಾನು ಹುಡುಕುತ್ತಿದ್ದುದೂ ಇದನ್ನೇ.